ಯಾರೂ ಮಾಡದ ಫೋನ್

ಓಬಣ್ಣ, ಅವತ್ತು ನಿಮಗೆ ಯಾರೂ ಫೋನ್ ಮಾಡಿರಲಿಲ್ಲ. ನೀವು ಎತ್ತಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ನಿಮ್ಮ ಹೆಸರು ನಮ್ಮ ಪಟ್ಟಿಯಲ್ಲಿ ಬರಲೇ ಇಲ್ಲ — ಬರದ ಹಾಗೆ ಮಾಡಿದವಳು ನಾನು.

ಐದು ವರ್ಷದಿಂದ ಈ ನಾಲ್ಕು ಮಾತು ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಈಗ ಬರೆದುಬಿಟ್ಟೆ.

ನಾನು ಚಳ್ಳಕೆರೆಯಲ್ಲಿ ಕಂಪ್ಯೂಟರ್ ಹೇಳಿಕೊಡುವವಳು. ರಕ್ತದಾನಿಗಳ ಬಳಗದ ಪಟ್ಟಿ ನೋಡಿಕೊಳ್ಳುವವಳೂ ನಾನೇ ಎಂಬುದು ನಿಮಗೆ ಗೊತ್ತು. ಬಿ.ಜಿ. ಕೆರೆಯಲ್ಲಿ ಬಳಗದವರು ಶಿಬಿರ ನಡೆಸಿ ಹೆಸರು ಬರೆದುಕೊಂಡ ದಿನ ನೀವು ಕೊಂಡ್ಲಹಳ್ಳಿಯಿಂದ ಬಂದು ಸಾಲಿನಲ್ಲಿ ನಿಂತಿದ್ದಿರಿ. ಬೆರಳಿಗೆ ಸೂಜಿ ಚುಚ್ಚಿ ನೋಡಿದರೆ ಓ ನೆಗೆಟಿವ್. ನೂರಕ್ಕೆ ಎಲ್ಲೋ ಒಬ್ಬಿಬ್ಬರಿಗೆ ಇರುವ ರಕ್ತ ಎಂದು ನಾನು ಅಂದಾಗ ನಿಮ್ಮ ಹಿಂದೆ ನಿಂತವರು ಯಾರೋ, "ಲೇ ಓಬ, ನಿನ್ ಮೈಯಾಗೂ ಒಂದು ಬೆಲೆ ಬಾಳೋದು ಐತೆ ಬಿಡಲೇ" ಎಂದು ಛೇಡಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವೇ.

"ಇವತ್ತು ಕೊಡಕಾಗಲ್ಲ ಮೇಡಂ, ಕುರಿ ವರವು ಕಾವಲ್ ಕಡೆ ಮೇಯಾಕ್ ಬಿಟ್ಟು ಬಂದೀನಿ, ನಡೀಬೇಕು. ಬೇಕಾದಾಗ ಕರೀರಿ, ಎಲ್ಲಿದ್ರೂ ಓಡ್ ಬರ್ತೀನಿ" ಅಂದಿರಿ. ಕುರಿ ಕಾಯುವವರೆಲ್ಲ ಅವತ್ತು ಅದನ್ನೇ ಹೇಳಿದ್ದರು. ಹಾಗಾಗಿ ನಿಮ್ಮೆಲ್ಲರ ಹೆಸರಿನ ಮುಂದೆ 'ಕೊನೆಯ ಸಲ ರಕ್ತ ಕೊಟ್ಟ ತಾರೀಖು' ಎಂಬ ಜಾಗ ಖಾಲಿ ಉಳಿಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪು ಆಮೇಲಿನದು. ಯಾರನ್ನು ಕರೆಯಬೇಕು ಎಂದು ಪಟ್ಟಿಯಿಂದ ಹೆಸರು ಸೋಸಿ ಕೊಡಲು ಕಂಪ್ಯೂಟರಿಗೆ ಕೆಲವು ಸಾಲು ಬರೆದಿರುತ್ತೇವೆ. ಬಳಗದ ಹಳೆಯ ಡೇಟಾಬೇಸಿನಲ್ಲಿ ಅವು ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿದ್ದವು. ಹೊಸ ತಂತ್ರಾಂಶಕ್ಕಾಗಿ ಅವನ್ನೆಲ್ಲ ಸಿ ಶಾರ್ಪ್ ಎಂಬ ಭಾಷೆಗೆ, ಆ ಭಾಷೆಯೊಳಗೇ ಇರುವ ಲಿಂಕ್ ಎಂಬ ಬರವಣಿಗೆಗೆ ತಿರುಗಿಸಿ ಕೊಡುತ್ತೇನೆ ಎಂದು ಒಪ್ಪಿಕೊಂಡವಳು ನಾನು. ಮಕ್ಕಳಿಗೆ ದಿನಾ ಹೇಳಿಕೊಡುವುದು, ಇದೇನು ಮಹಾ ಅಂತ ನನಗೆ ಜಂಬ ಬೇರೆ.

ಹಳೆಯ ಸಾಲು ಹೇಳುತ್ತಿದ್ದುದು ಇಷ್ಟು: ರಕ್ತದ ಗುಂಪು ಅದೇ ಇರಬೇಕು, ಜೊತೆಗೆ, ಕೊನೆಯ ಸಲ ಕೊಟ್ಟು ಮೂರು ತಿಂಗಳು ದಾಟಿರಬೇಕು, ಇಲ್ಲವೇ ಆ ತಾರೀಖು ಖಾಲಿ ಇರಬೇಕು. ತಾರೀಖಿನ ಎರಡು ಮಾತನ್ನೂ ಒಂದು ಕಂಸದೊಳಗೆ ಕಟ್ಟಿಹಾಕಿದ್ದರು. ತಿರುಗಿಸುವಾಗ ನಾನು ಆ ಕಂಸ ಬಿಟ್ಟೆ. ಕಂಸ ಇಲ್ಲದಿದ್ದರೆ ತಾರೀಖು ಖಾಲಿ ಇರುವುದೊಂದೇ ಸಾಕು, ಗುಂಪು ಲೆಕ್ಕಕ್ಕೇ ಬರುವುದಿಲ್ಲ. ಬಳಗದ ಕಾರ್ಯದರ್ಶಿಗೆ ತೋರಿಸಲು ಕೂತಾಗ ಓ ನೆಗೆಟಿವ್ ಎಂದು ಕೇಳಿದರೆ ತಾರೀಖು ಖಾಲಿ ಇದ್ದವರೆಲ್ಲ, ಯಾವ ಗುಂಪಿನವರೇ ಆಗಲಿ, ಸಂತೆ ನೆರೆದ ಹಾಗೆ ಬಂದುಬಿಟ್ಟರು. "ಏನ್ ಮೇಡಂ ಇದು, ಬಿ ಪಾಸಿಟಿವ್‌ನೋರೂ ಬಂದವ್ರಲ್ಲ?" ಎಂದು ಅವರು ಕೇಳಿದರು. ನಾಲ್ಕು ಜನರ ಎದುರು ನನಗೆ ಮುಖ ಇಟ್ಟುಕೊಳ್ಳಲು ಜಾಗವಿಲ್ಲ. ಕಂಸ ಎಲ್ಲಿ ತಪ್ಪಿದೆ ಎಂದು ಹುಡುಕುವ ತಾಳ್ಮೆಯೂ ಇಲ್ಲ. 'ಇಲ್ಲವೇ ಖಾಲಿ ಇರಬೇಕು' ಎಂಬ ಅರ್ಧವನ್ನೇ ಅಳಿಸಿಹಾಕಿದೆ.

ಪಟ್ಟಿ ಚೊಕ್ಕವಾಯಿತು. ಕಂಪ್ಯೂಟರೂ ತಕರಾರು ಮಾಡಲಿಲ್ಲ — ಅದಕ್ಕೇನು, ಖಾಲಿ ತಾರೀಖು ಮೂರು ತಿಂಗಳ ಹಿಂದಿನದಲ್ಲ ಎಂದುಕೊಂಡು ನಿಮ್ಮನ್ನೆಲ್ಲ ತೆಪ್ಪಗೆ ಆಚೆ ಬಿಟ್ಟಿತು. ಅಳಿಸಿದ ಜಾಗದ ಪಕ್ಕದಲ್ಲಿ 'ಆಮೇಲೆ ಸರಿಮಾಡಬೇಕು' ಎಂದು ನನಗೆ ನಾನೇ ಬರೆದಿಟ್ಟುಕೊಂಡೆ. ಆಮೇಲೆ ಪರೀಕ್ಷೆ ಬಂತು, ಹೊಸ ಬ್ಯಾಚು ಬಂತು... ಆ ಸಾಲು ಹಾಗೇ ಉಳಿಯಿತು.

ಹೀಗಿರುವಾಗಲೇ ನಿಮ್ಮ ಎದುರುಮನೆಯ ಬೋರಯ್ಯನವರ ಹೆಂಡತಿ ರತ್ನಮ್ಮ ಹೆರಿಗೆಗೆ ಚಳ್ಳಕೆರೆಗೆ ಬಂದರು. ಹೆಣ್ಣುಮಗು ಹುಟ್ಟಿತು. ರಕ್ತ ನಿಲ್ಲಲಿಲ್ಲ. ಬಳಗಕ್ಕೆ ಫೋನ್ ಬಂದಾಗ ಬೆಳಗಿನ ಹತ್ತು ಗಂಟೆ, ಪಟ್ಟಿ ತೆಗೆದು ನೋಡಿದವಳು ನಾನೇ. ಓ ನೆಗೆಟಿವ್ — ಎರಡೇ ಹೆಸರು. ಒಬ್ಬರಿಗೆ ಜ್ವರ, ಇನ್ನೊಬ್ಬರು ದೂರದೂರಿನಲ್ಲಿದ್ದರು. ಬೇರೆ ಕಡೆಯಿಂದ ರಕ್ತ ತರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾವು ಮಾಡುವುದನ್ನೆಲ್ಲ ಮಾಡಿದೆವು ಎಂದುಕೊಂಡು ಅವತ್ತು ಊಟ ಮಾಡಿದೆ ನಾನು. ಥೂ.

ಕಾರ್ಯ ಮುಗಿದ ಮೇಲೆ ಬೋರಯ್ಯ ನಮ್ಮ ಕಂಪ್ಯೂಟರ್ ಸೆಂಟರಿಗೆ ಬಂದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. "ಮೇಡಂ, ನಮ್ಮ ಓಬಂದೂ ಅದೇ ರಕ್ತವಂತೆ. ನನ್ನ ಯಾಕೆ ಯಾರೂ ಕರೀಲಿಲ್ಲ ಅಂತ ಅಳ್ತಾವ್ನೆ. ಅವ್ನಿಗೆ ಫೋನ್ ಮಾಡಿದ್ರಾ?"

ನಿಮ್ಮ ಹೆಸರು ಹೊಡೆದು ನೋಡಿದೆ. ಇತ್ತು. ನಂಬರೂ ಇತ್ತು. ಮುಂದೆ ತಾರೀಖಿನ ಜಾಗ ಖಾಲಿ. ಎಲ್ಲವೂ ಆ ಕ್ಷಣವೇ ಗೊತ್ತಾಯಿತು — ಕಂಸ, ಅಳಿಸಿದ ಅರ್ಧ ಸಾಲು, ಎಲ್ಲ. ತಿಳಿಯದೇ ಹೇಳಿದೆ ಎಂದು ಯಾವತ್ತೂ ಅನ್ನಲಾರೆ. ಆ ಮನುಷ್ಯ ಕೆಂಪಾದ ಕಣ್ಣಿನಲ್ಲಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಮಾಡಿದ್ವಿ. ಅವರು ಎತ್ತಲಿಲ್ಲ" ಅಂದೆ.

ನನ್ನ ನಾಲಿಗೆ ಸೇದಿಹೋಗಬಾರದಿತ್ತೇ! ಬೋರಯ್ಯ ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಹಿಂದೆಯೇ ಓಡಿ ಕರೆಯಬಹುದಿತ್ತು. ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಆ ಸಾಲು ತಿದ್ದಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಓ ನೆಗೆಟಿವ್ ಎಂದು ಕೇಳಿದ ಕೂಡಲೇ ನಿಮ್ಮ ಹೆಸರು ಎಲ್ಲರಿಗಿಂತ ಮೊದಲು ಬಂತು.

ಮಾರನೆಯ ದಿನ ನೀವು ಬಂದಿರಿ. ನಿಮಗೆ ಸಿಟ್ಟು ಇರಲಿಲ್ಲ, ಅದೇ ನನ್ನನ್ನು ಕೊಂದಿದ್ದು. ಫೋನನ್ನು ಮೇಜಿನ ಮೇಲಿಟ್ಟು, "ಎಷ್ಟ್ ಗಂಟೆಗೆ ಮಾಡಿದ್ರಿ ಮೇಡಂ? ನಾನು ಅವತ್ತು ಇಲ್ಲೇ ಇದ್ನಲ್ರಿ, ಕುರಿ ಹೊಡ್ಕಂಡು ಸಂತೆಗೆ ಬಂದಿದ್ದೆ. ಆಸ್ಪತ್ರೆ ಎಷ್ಟು ದೂರ? ಇದ್ರಾಗೆ ನಿಮ್ ಕಾಲ್ ತೋರಿಸ್ತಾನೇ ಇಲ್ಲ" ಅಂದಿರಿ. ಚಳ್ಳಕೆರೆಯಲ್ಲೇ ಇದ್ದಿರಿ! ನಡೆದು ಬಂದರೂ ಕಾಲು ಗಂಟೆ. ಆಗಲೂ ಹೇಳಬಹುದಿತ್ತು.

"ನಿಮ್ ಕಂಪ್ಯೂಟರ್‌ನಾಗೆ ಐತಾ, ಮಾಡಿದ್ದು?"

"ಐತೆ" ಅಂದೆ. ಎರಡನೆಯ ಸುಳ್ಳು.

ನಿಮ್ಮ ಕೈಯಲ್ಲಿದ್ದ ಫೋನಿಗಿಂತ ನನ್ನ ಕಂಪ್ಯೂಟರನ್ನು ನಂಬಿದಿರಿ. "ಹಂಗಾದ್ರೆ ನಂದೇ ತಪ್ಪು ಬಿಡ್ರಿ. ಸಂತೆ ಗದ್ದಲ... ಸಿಗ್ನಲ್ ಇರ್ಲಿಲ್ವೇನೋ" ಎಂದು ಫೋನನ್ನು ಬಟ್ಟೆಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡು ಹೋದಿರಿ. ನನ್ನ ಪಾಪವನ್ನು ನೀವೇ ಎತ್ತಿ ತಲೆಯ ಮೇಲಿಟ್ಟುಕೊಂಡಿರಿ, ನಾನು ಸುಮ್ಮನೆ ನೋಡುತ್ತಾ ಕೂತೆ.

ಆಮೇಲೆ ನೀವು ಎರಡು ಫೋನ್ ಇಟ್ಟುಕೊಂಡಿರಿ, ಎರಡು ಕಂಪನಿಯ ಸಿಮ್ಮು. ಕುರಿ ಹಿಂದೆ ಹೋದಾಗ ಸಿಗ್ನಲ್ ಸಿಗದ ಕಡೆ ನಿಲ್ಲುವುದನ್ನೇ ಬಿಟ್ಟಿರಿ. ಮೊದಲ ಸಲ ನಿಮ್ಮನ್ನು ಕರೆದದ್ದು ಯಾರೋ ಗುರುತಿಲ್ಲದ ಹೆಂಗಸಿಗಾಗಿ. ಏದುಸಿರು ಬಿಡುತ್ತಾ ಬಂದವರು ಮಂಚದ ಮೇಲೆ ಮಲಗಿ, ತೋಳು ಚಾಚಿ, ನನ್ನ ಕಡೆ ನೋಡಿ "ಈ ಸಲ ಎತ್ತಿದ್ನಲ್ರಿ ಮೇಡಂ?" ಅಂದಿರಿ. ಅಯ್ಯೋ... ಆವತ್ತಿನಿಂದ ಈವರೆಗೆ ಹನ್ನೆರಡು ಸಲ ಕರೆದಿದ್ದೇನೆ. ಹನ್ನೆರಡು ಸಲವೂ ಬಂದಿರಿ. ನಿಮ್ಮ ಹೆಸರಿನ ಮುಂದೆ ಪ್ರತಿ ಸಲ ತಾರೀಖು ತುಂಬಿಸುವವಳು ನಾನೇ.

ಊರಿನಲ್ಲಿ ಏನಾಗಿದೆ ಎಂದು ನೀವು ಬಾಯಿ ಬಿಟ್ಟು ಹೇಳಿದವರಲ್ಲ. ಹೋದ ವಾರ ರಕ್ತ ಕೊಟ್ಟು ಎದ್ದು ಕೂತು, ಕೊಟ್ಟ ಬಿಸ್ಕತ್ತು ತಿನ್ನದೆ ಜೇಬಿಗಿಟ್ಟಿರಿ. ಯಾರಿಗೆ ಎಂದು ಕೇಳಿದೆ. "ಬೋರನ ಮಗಳಿಗೆ" ಅಂದವರು ತೋಳಿನ ಹತ್ತಿ ಒತ್ತಿ ಹಿಡಿದು, "ಅವ್ಳು ಇಸ್ಕಳಲ್ಲ ಮೇಡಂ. ನಾನು ಬರ್ದೇ ಇದ್ದಿದ್ಕೇ ಅವ್ರವ್ವ ಸತ್ಲು ಅಂತ ಬೀದಿ ಹುಡುಗ್ರು ಹೇಳ್ಯಾರೆ. ನನ್ನ ನೋಡಿದ್ರೆ ಬಾಗ್ಲು ಹಾಕ್ಕಂತೈತೆ ಕೂಸು. ಆದ್ರೂ ದಿನಾ ಏನಾದ್ರೂ ಒಂದು ಹೊಸ್ತಿಲ ಮ್ಯಾಲೆ ಇಟ್ಟು ಬರ್ತೀನಿ" ಅಂದಿರಿ.

ಆ ಮಗುವಿಗೆ ಈ ಸುಳ್ಳು ಕಲಿಸಿದವಳು ನಾನು. ಕಂಸ ಬಿಟ್ಟದ್ದು ಕೈತಪ್ಪು ಎಂದು ಯಾರಾದರೂ ಅಂದಾರು. ಸುಳ್ಳು ಕೈತಪ್ಪಲ್ಲ. ಅದನ್ನು ಮುಖ ಉಳಿಸಿಕೊಳ್ಳಲು ಹೇಳಿದೆ, ಐದು ವರ್ಷ ಸಾಕಿದೆ, ಸಾಲದ್ದಕ್ಕೆ ನಿಮ್ಮ ರಕ್ತವನ್ನೂ ತೆಗೆದುಕೊಂಡೆ. ನನ್ನನ್ನು ಕ್ಷಮಿಸಿ ಎಂದು ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ.

ಇಷ್ಟು ಬರೆದು ನಿಲ್ಲಿಸಿ ಈಗತಾನೇ ನಿಮಗೆ ಫೋನ್ ಮಾಡಿದೆ. ಒಂದು ರಿಂಗ್ ಮುಗಿಯುವ ಮೊದಲೇ ಎತ್ತಿದಿರಿ.

"ಹೇಳ್ರಿ ಮೇಡಂ, ಎಲ್ಲಿಗೆ ಬರ್ಬೇಕು?"

ನೀವು ಬರಬೇಡಿ, ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ, ಬೋರಯ್ಯನವರನ್ನು ನಿಮ್ಮ ಮನೆಗೆ ಕರೆಸಿ ಅಂದೆ. "ಅವ್ನು ನಮ್ಮನೆ ಮೆಟ್ಲು ಹತ್ತಲ್ಲ ಮೇಡಂ" ಅಂದಿರಿ.

ಹಾಗಾದರೆ ಬೋರಯ್ಯನವರ ಹೊಸ್ತಿಲಲ್ಲೇ ನಿಂತು ಈ ಕಾಗದ ಓದುತ್ತೇನೆ. ಆ ಮಗುವನ್ನೂ ಕರೆಯುತ್ತೇನೆ. ನೀವು ನಿಮ್ಮ ಬಾಗಿಲಲ್ಲೇ ನಿಂತು ಕೇಳಿ, ಓಬಣ್ಣ — ಬೀದಿಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ ಓದುತ್ತೇನೆ. ಮೊದಲ ಸಾಲು ಇದೇ: ಅವತ್ತು ನಿಮಗೆ ಯಾರೂ ಫೋನ್ ಮಾಡಿರಲಿಲ್ಲ.