ಸೀನು ತರಿಸುವ ಡಬ್ಬಿ

ಕಂಪ್ಯೂಟರಿನ ಪವರ್ ಸಪ್ಲೈ ಒಳ್ಳೆಯದೋ ಕೆಟ್ಟದೋ ಎಂದು ತಿಳಿಯಲು ಜಗತ್ತಿನಲ್ಲಿ ಏನೇನೋ ಮೀಟರುಗಳಿವೆಯಂತೆ. ನಾನು ಮಾತ್ರ ಸೀನು ಎಣಿಸುತ್ತಿದ್ದೆ. ನಗಬೇಡಿ. ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿಯ ಮೇಲಿನ ಮಹಡಿಯಲ್ಲಿ ಸಂಸಾರ ಹೂಡಿ, ಅದೇ ಮಹಡಿಯಲ್ಲಿ ಕಾರ್ ರೇಸಿನ ಆಟದ ಹುಚ್ಚು ಹಿಡಿಸಿಕೊಂಡವರಿಗೆ ಬೇರೆ ದಾರಿಯಿರುವುದಿಲ್ಲ.

ಹುಚ್ಚು ನನ್ನದು, ಗಿರಣಿ ನಮ್ಮವರದು. ಮೊಬೈಲಿನಲ್ಲಿ ಹಾವಿನ ಆಟ ಬಿಟ್ಟರೆ ಬೇರೇನೂ ಇಲ್ಲದ ಕಾಲ ಅದು. ಹಗಲು ರಾಣೆಬೆನ್ನೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆನೆಂದರೆ ಪರದೆಯ ಮೇಲೆ ನನ್ನ ಕೆಂಪು ಕಾರು ಯಾವುದೋ ದೇಶದ ಗುಡ್ಡ ಸುತ್ತುತ್ತಿತ್ತು. ನಿಜ ಜೀವನದಲ್ಲಿ ನನಗೆ ಸ್ಕೂಟಿ ಕೂಡ ಬರುವುದಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪವರ್ ಸಪ್ಲೈ ಎಂದರೆ ಕಂಪ್ಯೂಟರಿನೊಳಗೆ ಮೂಲೆ ಹಿಡಿದು ಕೂರುವ ಒಂದು ತಗಡಿನ ಡಬ್ಬಿ. ಮನೆಯ ಕರೆಂಟನ್ನು ಯಂತ್ರಕ್ಕೆ ಅರಗುವ ಹಾಗೆ ಮಾಡಿ ಬಡಿಸುವುದು ಅದರ ಕೆಲಸ. ಆಫೀಸಿನ ಕಂಪ್ಯೂಟರು ಒಪ್ಪೊತ್ತಿನವರ ಹಾಗೆ ಉಣ್ಣುತ್ತದೆ, ಆಟದ ಕಂಪ್ಯೂಟರು ಬೀಗರ ಹಾಗೆ. ಡಬ್ಬಿಯ ಮೇಲೆ ಬರೆದ ವ್ಯಾಟುಗಳನ್ನು ನಂಬಿ ಕೂತರೆ ಕೊನೆಯ ತಿರುವಿನಲ್ಲಿ ಪರದೆ ಕಪ್ಪಾಗಿ, ನಮ್ಮದೇ ಮುಖ ಅದರಲ್ಲಿ ಕಾಣಿಸುತ್ತದೆ. ಅದು ನೋಡುವಂಥ ಮುಖವಾಗಿರುವುದಿಲ್ಲ.

ನನ್ನ ಸಿದ್ಧಾಂತ ಸರಳವಾಗಿತ್ತು. ಕೆಟ್ಟ ಡಬ್ಬಿ ಕರೆಂಟಿನ ದೊಡ್ಡ ಪಾಲನ್ನು ಸುಮ್ಮನೆ ಕಾವು ಮಾಡಿ ಕಳೆಯುತ್ತದೆ. ಕಾವು ಏರಿದಂತೆ ಅದರ ಫ್ಯಾನು ಜೋರಾಗಿ ತಿರುಗುತ್ತದೆ. ನಮ್ಮ ಮನೆಯ ಗಾಳಿಯಲ್ಲಿ ಅರ್ಧ ಗಾಳಿ, ಅರ್ಧ ಖಾರದ ಪುಡಿ. ಅದನ್ನೆಲ್ಲ ಡಬ್ಬಿ ಒಳಗೆ ಎಳೆದುಕೊಂಡು, ಹೊಟ್ಟೆಯಲ್ಲಿಟ್ಟುಕೊಂಡು, ಆಟಕ್ಕೆ ಬಿಸಿ ಹತ್ತಿದಾಗ ಹಿಂದಿನಿಂದ ಉಗುಳುತ್ತದೆ. ಆದ್ದರಿಂದ ಸೀನು ಹೆಚ್ಚಾದಷ್ಟೂ ಡಬ್ಬಿ ಕಳಪೆ. ಇದರಲ್ಲಿ ತಪ್ಪು ಹುಡುಕಲು ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೂ ಆಗಲಿಲ್ಲ.

ಇನ್ನು ಅಳೆಯಲು ಒಂದು ಮೂಗು ಬೇಕಲ್ಲ. ನಮ್ಮವರ ಮೂಗು ಗಿರಣಿಯಲ್ಲೇ ಬೆಳೆದದ್ದು, ಮೆಣಸಿನಕಾಯಿ ಚೀಲದ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುವಂಥದ್ದು. ಅತ್ತೆಯವರ ಮೂಗಿಗೆ ಕೆಲಸ ಹೇಳುವ ಧೈರ್ಯ ನನಗಿರಲಿಲ್ಲ. ಉಳಿದವಳು ನಾದಿನಿ ಗಿರಿಜಾ. ಹಾವೇರಿಗೆ ಹೋಗಿ ಬಿ.ಎಡ್. ಓದುತ್ತಿದ್ದಳು. ಪುಸ್ತಕ ಹಿಡಿದು ಯಂತ್ರದ ಹಿಂದೆ ಕೂತು, ನಾನು ಗುಡ್ಡ ಹತ್ತುವಾಗ ಪ್ರಾಮಾಣಿಕವಾಗಿ ಸೀನುತ್ತಿದ್ದಳು. ರಾಣೆಬೆನ್ನೂರಿನಲ್ಲಿ ಸೈಬರ್ ಕೆಫೆ ನಡೆಸುವ ರಫೀಕ ತನ್ನ ಆಟದ ಕಂಪ್ಯೂಟರುಗಳಿಗೆ ಡಬ್ಬಿ ಕೊಳ್ಳುವ ಮೊದಲು ನನ್ನಲ್ಲಿಗೇ ತರುತ್ತಿದ್ದ. “ಮೇಡಂ, ಇದು ಎಷ್ಟು ಸೀನಿಂದ್ರಿ?” ಎಂದು ಕೇಳುತ್ತಿದ್ದ.

ತೊಡಕು ಬಂದದ್ದು ಶಾಸ್ತ್ರದಿಂದ. ಹೊರಡುವಾಗ ಜೋಡಿ ಸೀನು ಬಂದರೆ ಒಳ್ಳೆಯದು, ಒಂಟಿ ಸೀನು ಬಂದರೆ ಕೂತು ನೀರು ಕುಡಿಯಬೇಕು ಎಂಬುದು ಎಲ್ಲರಿಗೂ ಗೊತ್ತು. ಇದನ್ನು ಬ್ಯಾಡಗಿಯಲ್ಲಿ ನಂಬಿದರೆ ಊರಿನಿಂದ ಒಬ್ಬರೂ ಹೊರಗೆ ಹೋಗುವಂತಿಲ್ಲ. ಅತ್ತೆಯವರು ಅದಕ್ಕೊಂದು ತಿದ್ದುಪಡಿ ತಂದಿದ್ದರು. ಗಿರಣಿ ನಡೆಯುವಾಗ ಬಂದ ಸೀನು ಖಾರದ್ದು, ಲೆಕ್ಕಕ್ಕಿಲ್ಲ. ಗಿರಣಿ ನಿಂತಾಗ ಬಂದದ್ದು ದೇವರದ್ದು. ಇಂಥ ಸೊಗಸಾದ ವ್ಯವಸ್ಥೆಯ ನಡುವೆ ನನ್ನ ಡಬ್ಬಿ ಬಂದು, ಗಿರಣಿ ನಿಂತ ಮೇಲೂ ಖಾರ ಉಗುಳಿ, ದೇವರ ಕೆಲಸದಲ್ಲಿ ಕೈ ಹಾಕಿತು.

ಅದೇ ಹೊತ್ತಿಗೆ ಗಿರಿಜಾಳಿಗೆ ಹೊಸರಿತ್ತಿಯಿಂದ ಒಂದು ಸಂಬಂಧ ಬಂದಿತ್ತು. “ನನಗ ಈಗ ಬ್ಯಾಡವ್ವ, ಓದು ಮುಗೀಲಿ,” ಎಂದು ಅವಳೊಮ್ಮೆ ಹೇಳಿದಾಗ ಕೆಳಗೆ ಗಿರಣಿ ಭೋರೆನ್ನುತ್ತಿತ್ತು. ಅತ್ತೆಯವರು ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ “ಹೂಂ” ಅಂದರು. ಕೇಳಿಸಿತ್ತೋ ಇಲ್ಲವೋ. ಹುಡುಗನ ಮನೆ ನೋಡಲು ಅವರು ಹೊರಟ ದಿನ, ಗಿರಣಿ ನಿಂತಿದ್ದಾಗ, ಯಂತ್ರದ ಹಿಂದಿನಿಂದ ಗಿರಿಜಾಳ ಒಂದೇ ಒಂದು ಸೀನು ಬಂತು. ಮುಂದಿನ ವಾರವೂ ಹಾಗೆಯೇ ಆಯಿತು.

“ಇನ್ನೊಮ್ಮೆ ಹಿಂಗಾದ್ರ ಆ ಡಬ್ಬಿ ಈ ಮನ್ಯಾಗ ಇರಂಗಿಲ್ಲ ನೋಡವಾ,” ಎಂದರು ಅತ್ತೆ, ಮೆಲ್ಲಗೆ. ಅವರು ಮೆಲ್ಲಗೆ ಹೇಳಿದ ಯಾವುದೂ ಇದುವರೆಗೆ ಆಗದೆ ಉಳಿದಿಲ್ಲ. ನನಗೆ ಹೆದರಿಕೆಯಾಯಿತು. ಯಂತ್ರ ಹೋಗುತ್ತದಲ್ಲ ಎಂಬ ದುಃಖ ಒಂದು ಕಡೆ, ನನ್ನ ಚಟದಿಂದ ಹುಡುಗಿಯ ಮದುವೆ ತಪ್ಪುತ್ತದಲ್ಲ ಎಂಬ ಸಂಕಟ ಇನ್ನೊಂದು ಕಡೆ. ದುಃಖವೇ ತುಸು ಹೆಚ್ಚಾಗಿತ್ತು.

ರಫೀಕ ಎಲ್ಲಿಂದಲೋ ಒಂದು ಹೊಸ ಡಬ್ಬಿ ತಂದ. ರುಬ್ಬುಗುಂಡಿನಷ್ಟು ಭಾರ. ಸಂಜೆಯಿಡೀ ಯಂತ್ರಕ್ಕೆ ಉಸಿರಾಡಲು ಬಿಡದೆ ಆಡಿದೆ. ಡಬ್ಬಿ ತಣ್ಣಗೆ ಕೂತಿತ್ತು, ಫ್ಯಾನು ತಿರುಗಿಯೂ ತಿರುಗದ ಹಾಗೆ ತಿರುಗುತ್ತಿತ್ತು. “ಒಂದೂ ಬರಲಿಲ್ಲಲ್ಲ ವೈನಿ,” ಎಂದಳು ಗಿರಿಜಾ. ಏನೋ ಕಳೆದುಕೊಂಡವರ ಮುಖ ಮಾಡಿದ್ದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಅತ್ತೆಯವರು ಮತ್ತೆ ಹೊರಟ ದಿನ ಮೋಟೆಬೆನ್ನೂರಿನಿಂದ ಅವರ ಅಣ್ಣ, ಬಸಣ್ಣ ಮಾವ, ಬಾಡಿಗೆ ಟ್ರ್ಯಾಕ್ಸ್ ಗಾಡಿ ತಂದು ಕೆಳಗೆ ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದರು. ಡಬ್ಬಿಯ ಮಾನ ಉಳಿಸಬೇಕೆಂದು ನಾನು ಬೇಕೆಂದೇ ಆಟ ಹಚ್ಚಿ ಕೂತೆ. ಅತ್ತೆ ತೆಂಗಿನಕಾಯಿ ಹಿಡಿದು ಹೊಸ್ತಿಲ ಬಳಿ ಬಂದರು. ಆಗ ಕರೆಂಟು ಹೋಯಿತು. ಕೆಳಗೆ ಗಿರಣಿ ನಿಂತಿತು, ತಲೆಯ ಮೇಲಿನ ಫ್ಯಾನು ನಿಂತಿತು, ನನ್ನ ಕಾರು ಗುಡ್ಡದ ಸಮೇತ ಮಾಯವಾಯಿತು. ನಮ್ಮ ಮನೆಯಲ್ಲಿ ಅಂಥ ಮೌನ ಅಪರೂಪ. ಆ ಮೌನದಲ್ಲಿ ಯಂತ್ರದ ಹಿಂದಿನಿಂದ ಸ್ಪಷ್ಟವಾಗಿ ಒಂದು ಸೀನು ಬಂತು. ಎಲ್ಲರೂ ಎರಡನೆಯದಕ್ಕೆ ಕಾದೆವು. ಬರಲಿಲ್ಲ.

ತಿರುಗಿ ನೋಡಿದೆ. ಗಿರಿಜಾ ಬಿ.ಎಡ್. ಪುಸ್ತಕವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಮೂಗು ಒಣಗಿತ್ತು, ಕಣ್ಣು ಒದ್ದೆಯಾಗಿತ್ತು. ಇಷ್ಟು ದಿನ ಮೀಟರಿಗೂ ಒಂದು ಮನಸ್ಸಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಕರೆಂಟೇ ಇಲ್ಲವಲ್ಲ ಎಂದು ಒಂದು ಮಾತು ಹೇಳಿದ್ದರೆ ಡಬ್ಬಿ ನಿರಪರಾಧಿ ಎಂದು ಸಾಬೀತಾಗುತ್ತಿತ್ತು. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

ಅತ್ತೆ ನಿಂತ ಫ್ಯಾನನ್ನು ನೋಡಿದರು. ಕಪ್ಪಾದ ಪರದೆಯನ್ನು ನೋಡಿದರು. ಆಮೇಲೆ ಮಗಳನ್ನು ಬಹಳ ಹೊತ್ತು ನೋಡಿದರು.

“ಲಗೂ ಬಾ ತಂಗೀ, ಹೊತ್ತಾತು,” ಎಂದು ಕೆಳಗಿನಿಂದ ಬಸಣ್ಣ ಮಾವ ಕೂಗಿದರು.

“ಮತ್ತ ಆ ಸುಡಗಾಡ ಡಬ್ಬಿ ಸೀನಿಸ್ತಣ್ಣಾ. ಈ ಸಂಬಂಧ ಕೂಡಂಗಿಲ್ಲ ಅಂತ ಅವ್ರಿಗೆ ಹೇಳಿಬಿಡು.”

“ಕರೆಂಟ್ ಹೋಗೇತಲ್ಲ?”

“ಹೋದ್ರೇನಾತು, ಒಳಗ ಖಾರ ಉಳಿದಿರತೈತಿ. ಬೇಕಾರ ನಮ್ಮ ಸೊಸಿ ಸುಮಾನ ಕೇಳು, ಕಾಲೇಜಿನ್ಯಾಗ ಅದನ್ನ ಕಲಿಸ್ತಾಳ.”

ಎರಡು ಪದವಿಗಳನ್ನೂ ಇಡೀ ಭೌತಶಾಸ್ತ್ರವನ್ನೂ ಪಕ್ಕಕ್ಕಿಟ್ಟು ನಾನು ಕಿಟಕಿಗೆ ಹೋದೆ. “ಹೌದ್ರಿ ಮಾವಾರ, ಉಳಿದಿರತೈತ್ರಿ,” ಎಂದೆ.

ಅತ್ತೆ ಕೂತು ನೀರು ಕುಡಿದರು. ತೆಂಗಿನಕಾಯಿ ಅವತ್ತು ಚಟ್ನಿಯಾಯಿತು. ಡಬ್ಬಿಯನ್ನು ಮನೆಯಿಂದ ಕಳಿಸುವ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ, ಅದಿರುವ ಯಂತ್ರದ ಮೇಲೊಂದು ಕಸೂತಿಯ ಬಟ್ಟೆ ಕೂಡ ಹೊದಿಸಿದರು.

ಮರುವಾರ ರಫೀಕ ಬಂದು, ಹೊಸ ಡಬ್ಬಿ ಹೆಂಗೈತ್ರಿ ಮೇಡಂ ಎಂದು ಕೇಳಿದ. ನಾನು ಅನೇಕ ಡಬ್ಬಿಗಳನ್ನು ಪರೀಕ್ಷಿಸಿದ್ದೇನೆ, ತೂಕ ಬಲ್ಲೆ, ಕಾವು ಬಲ್ಲೆ. ಯೋಚಿಸಿಯೇ ಉತ್ತರ ಕೊಟ್ಟೆ.

“ಭಾರೀ ಚಲೋ ಐತಿ ರಫೀಕ. ಕರೆಂಟ್ ಇಲ್ಲದಾಗನೂ ಕೆಲಸ ಮಾಡತೈತಿ.”