ಎಲ್ಲರಿಗೂ ಕಂಡ ಅಕ್ಷರ

ಬೆರಳ ತುದಿಗೆ ಚೂರು ಹಾಲು ಮುಟ್ಟಿಸಿಕೊಂಡು ಹೂಬತ್ತಿ ಮಾಡುತ್ತಿದ್ದೆ. ಆಗ ತೀರ್ಥಹಳ್ಳಿಯಿಂದ ಮಗಳ ಫೋನು ಬಂತು. ಕೈಯಲ್ಲಿ ಹತ್ತಿ ಇದ್ದದ್ದರಿಂದ ಸ್ಪೀಕರಿಗೆ ಹಾಕಿದೆ.

"ಅಮ್ಮ, ಅಪ್ಪಂಗೆ ಹೇಳು. ಕಂಪ್ನಿಯವ್ರು ಸರಿ ಮಾಡಿದಾರೆ. ಅಕ್ಷರ ದಪ್ಪ ಮಾಡಿದಾರೆ, ಹಿಂದಿನ ಗಾಜೂ ತೆಗ್ದಿದಾರೆ. ಎಲ್ರೂ ಖುಷೀಲಿ ಬರೀತಿದಾರೆ ನೋಡು."

ನಾನು ಕೂತಲ್ಲಿಂದಲೇ ದೇವರ ಮನೆಯ ಕಡೆ ತಿರುಗಿ ಕೈ ಮುಗಿದೆ.

ಯಾವ ಗಾಜು, ಯಾವ ಅಕ್ಷರ ಎಂದು ಹೇಳಬೇಕು. ನಮ್ಮ ಯಜಮಾನರು ಕಾರ್ಗಲ್ಲಿನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ನಿವೃತ್ತಿಯಾಗಿ ಸಾಗರಕ್ಕೆ ಬಂದ ಮೇಲೆ ಕಂಪ್ಯೂಟರೇ ಅವರಿಗೆ ಸಂಗಾತಿ. ನೆಂಟರಿಷ್ಟರ ಉಪನಯನ, ಗೃಹಪ್ರವೇಶದ ಆಮಂತ್ರಣ ಪತ್ರಿಕೆಗಳನ್ನು ಅದರಲ್ಲಿ ಚೆಂದ ಮಾಡಿ ಕೊಡುತ್ತಿದ್ದರು. ಅದು ಸಾಲದೆಂದು ಬೀಟಾ ಪರೀಕ್ಷೆಗೂ ಹೆಸರು ಕೊಟ್ಟಿದ್ದರು. ಕಂಪ್ಯೂಟರು ನಡೆಸುವ ತಂತ್ರಾಂಶದ ಹೊಸ ರೂಪ ಜನರ ಕೈಗೆ ಹೋಗುವ ಮೊದಲು ಇಂಥವರ ಹತ್ತಿರ ಬರುತ್ತದೆಯಂತೆ. ಇವರು ಬಳಸಿ ನೋಡಿ, ತಪ್ಪು ಹುಡುಕಿ, ಬರೆದು ಕಳಿಸಬೇಕು.

"ಬಿಟ್ಟಿ ಚಾಕರಿ," ಎಂದು ನಾನು ಚುಚ್ಚುತ್ತಿದ್ದೆ.

"ಇಷ್ಟು ವರ್ಷ ನಿನ್ನ ಸಾರಲ್ಲಿ ಉಪ್ಪು ನೋಡಿ ಹೇಳಿದ್ದೀನಲ್ಲ, ಅದಕ್ಕೆ ಯಾರು ಸಂಬಳ ಕೊಟ್ರು?" ಎನ್ನುತ್ತಿದ್ದರು ಅವರು.

ಆ ವರ್ಷದ ಹೊಸ ರೂಪದಲ್ಲಿ ಎಲ್ಲವೂ ಗಾಜಿನಂತಾಗಿಬಿಟ್ಟಿತು. ಗುಂಡಿಗಳು, ಪಟ್ಟಿಗಳು, ಒಂದರ ಹಿಂದೊಂದು ತೆರೆದ ಕಿಟಕಿಗಳು, ಎಲ್ಲ ಪಾರದರ್ಶಕ. ಹಿಂದಿನ ಚಿತ್ರ ಮುಂದಿನ ಅಕ್ಷರದೊಳಗೆ ಬೆರೆತು, ಬರೆದದ್ದು ಯಾವುದು, ಬಣ್ಣ ಯಾವುದು ತಿಳಿಯುತ್ತಿರಲಿಲ್ಲ. ನನ್ನನ್ನೂ ಕರೆದು ತೋರಿಸಿದರು. ನನಗೂ ಕಾಣುವುದಿಲ್ಲ ಎಂದೆ. ಆ ಮಾತಿನಿಂದ ಅವರಿಗೆ ಎಷ್ಟು ಸಮಾಧಾನವಾಯಿತು ಎಂದರೆ, ಎರಡು ತುತ್ತು ಹೆಚ್ಚೇ ಊಟ ಮಾಡಿದರು.

ದೂರು ಬರೆದರು. ಅವರೊಬ್ಬರೇ ಅಲ್ಲ, ಲೋಕವೆಲ್ಲ ಇಂಟರ್ನೆಟ್ಟಿನಲ್ಲಿ ಬರೆಯುತ್ತಿತ್ತು. ಮಗಳು ದಿನವೂ ಸಂಜೆ ಫೋನಿನಲ್ಲಿ ಅದನ್ನೆಲ್ಲ ಕನ್ನಡ ಮಾಡಿ ಓದುತ್ತಿದ್ದಳು. ಸ್ನಾನದ ಮನೆಯ ಕಿಟಕಿ ಗಾಜಿನ ಆಚೆ ಪೇಪರು ಹಿಡಿದು ಓದು ಅಂದ ಹಾಗಿದೆ ಎಂದು ಒಬ್ಬ ಬರೆದಿದ್ದ. ನೋಡುವುದಕ್ಕೆ ಸೊಗಸಾಗಿದೆ, ಹಳಬರಿಗೆ ಹೊಸದು ಯಾವುದೂ ಹಿಡಿಸುವುದಿಲ್ಲ ಎಂದು ಇನ್ನೊಬ್ಬ. ಇವರ ದೂರಿನ ಕೆಳಗೆ ಯಾರೋ ಚಿಕ್ಕ ವಯಸ್ಸಿನವನು, "ಅಜ್ಜ, ಕಂಪ್ಯೂಟರ್ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ" ಎಂದು ಹಂಗಿಸಿದ್ದ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಂಗೂ ನನ್ನ ವಯಸ್ಸಾಗ್ಲಿ ಮಗನೇ ಅಂತ ಬರಿ," ಎಂದು ಮಗಳಿಗೆ ಹೇಳಿದರು. ಅವಳು ಬರೆಯಲಿಲ್ಲ.

ಆಗಾಗ ತಲೆನೋವು ಎನ್ನುತ್ತಿದ್ದರು. ಪತ್ರಿಕೆ ಓದುವಾಗ ಬಾಗಿಲ ಬೆಳಕಿಗೆ ಹೋಗುತ್ತಿದ್ದರು. ಮೆಟ್ಟಿಲ ಮೇಲಿಟ್ಟ ಕೊಡಪಾನ ಒಂದು ದಿನ ಎಡವಿದರು. "ಆ ಗಾಜು ನೋಡಿ ನೋಡಿ ಕಣ್ಣು ಸೋತಿದೆ. ಅವ್ರು ಸರಿ ಮಾಡ್ಲಿ, ಇದೂ ಸರಿಯಾಗ್ತದೆ," ಎಂದರು. ಅಷ್ಟು ಜನರಿಗೆ ಕಾಣದಿದ್ದದ್ದು ಇವರಿಗೂ ಕಾಣದಿದ್ದರೆ ಅದರಲ್ಲಿ ಹೆದರುವುದೇನಿದೆ ಎಂದು ನಾನೂ ಇದ್ದೆ.

ಹಾಗಾಗಿ ಮಗಳ ಫೋನು ಬಂದಾಗ, ಹೂಬತ್ತಿ ಅಲ್ಲೇ ಬಿಟ್ಟು ಒಳಗೆ ಓಡಿದೆ. ಅವರು ಹೊಸದನ್ನು ಇಳಿಸಿಕೊಂಡರು. ಕಂಪ್ಯೂಟರು ಆರಿ ಹತ್ತಿಕೊಂಡಿತು. ಬಾಗಿಲಲ್ಲಿ ನಿಂತವಳಿಗೆ, ಕನ್ನಡಕವಿಲ್ಲದೆಯೇ, ಮೇಲಿನ ಸಾಲಿನ ಅಕ್ಷರ ಒಂದೊಂದೂ ಕಂಡಿತು. ಅಕ್ಕಿ ಹಿಟ್ಟಿನಲ್ಲಿ ಎಳೆದ ರಂಗೋಲಿಯಷ್ಟು ಸ್ಪಷ್ಟ.

ಅವರು ಮುಖ ಮುಂದೆ ತಂದರು. ಇನ್ನೂ ಮುಂದೆ. ಕತ್ತು ಓರೆ ಮಾಡಿದರು.

"ಹೇಗಿದೆ?" ಎಂದೆ.

"ಅರ್ಧಂಬರ್ಧ ಮಾಡಿದಾರೆ," ಎಂದರು. "ಮತ್ತೆ ಬರೀಬೇಕು."

ಕೂತಲ್ಲೇ ಇನ್ನೊಂದು ದೂರು ಬರೆದು ಕಳಿಸಿದರು. ನನಗೆ ಕಾಣುತ್ತದೆ ಎನ್ನುವ ಒಂದು ಮಾತು ನನ್ನ ಬಾಯಿಗೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಪೂಜೆಯ ಹೊತ್ತಿಗೆ ನಾನು ಗಂಧ ತೇಯುತ್ತಿದ್ದೆ. ಅವರು ಮಂತ್ರ ಹೇಳಿ ತುಳಸಿ ಏರಿಸಿದರು. ದಳ ಸಾಲಿಗ್ರಾಮದ ಮೇಲೆ ಬೀಳದೆ ತಟ್ಟೆಯ ಅಂಚಿಗೆ ಬಿತ್ತು. ಬೆರಳಿನಿಂದ ತಡವಿ, ಕಲ್ಲು ಸಿಕ್ಕಿದ ಮೇಲೆ ಅದರ ಮೇಲಿಟ್ಟರು. ಎರಡನೆಯದೂ ಹಾಗೇ. ಹಿಂದೆಯೂ ನೋಡಿದ್ದೆ. ಅವಸರ ಎಂದುಕೊಂಡಿದ್ದೆ, ಚಳಿಗೆ ಕೈ ನಡುಗುತ್ತದೆ ಎಂದುಕೊಂಡಿದ್ದೆ. ಆದರೆ ದೇವರ ಮನೆಗೆ ಯಾರೂ ಹೊಸ ವಿನ್ಯಾಸ ಕಳಿಸಿರಲಿಲ್ಲ. ಅದೇ ತಟ್ಟೆ, ಅದೇ ಕಲ್ಲು, ಮದುವೆಯಾದಂದಿನಿಂದ ಅದೇ ದೀಪ.

ಮಂಗಳಾರತಿ ಆಗುವ ತನಕ ತಡೆದುಕೊಂಡೆ.

"ಸಾಲಿಗ್ರಾಮ ಕಾಣ್ತದಾ ನಿಮ್ಗೆ?"

"ಕಾಣ್ತದೆ."

"ನಿಜ ಹೇಳಿ. ದೇವರ ಎದುರು ಕೂತಿದೀರಿ."

ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಕಪ್ಪಗೆ ಎಂಥದೋ ಇದ್ದ ಹಾಗೆ ಕಾಣ್ತದೆ," ಎಂದರು. "ಅಲ್ಲಿ ಇದೆ ಅಂತ ಗೊತ್ತಲ್ಲ ಮಾರಾಯ್ತಿ."

ಊರಿನ ಡಾಕ್ಟರು ನೋಡಿದವರೇ ಶಿವಮೊಗ್ಗಕ್ಕೆ ಬರೆದುಕೊಟ್ಟರು. ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು, ಅದು ಭಗವಂತನ ದಯೆ. ಅಲ್ಲಿನ ಡಾಕ್ಟರು ಮೆತ್ತಗೆ ಮಾತಾಡುವವರು, ಅದೂ ದಯೆಯೇ. ಕಣ್ಣಿನೊಳಗೆ ಒತ್ತಡ ಏರಿ ನರ ಸೊರಗಿದೆ, ಬಲಗಣ್ಣು ಬಹುತೇಕ ಹೋಗಿದೆ, ಎಡಗಣ್ಣಿನಲ್ಲಿ ಉಳಿದದ್ದನ್ನು ಔಷಧಿ ಬಿಟ್ಟುಕೊಂಡು ಕಾಪಾಡಿಕೊಳ್ಳಬೇಕು, ಹೋದದ್ದು ತಿರುಗಿ ಬರುವುದಿಲ್ಲ ಎಂದರು.

"ಇಷ್ಟಾಗೋ ತನಕ ಗೊತ್ತೇ ಆಗ್ಲಿಲ್ವಾ ನಿಮ್ಗೆ?" ಎಂದು ಕೇಳಿದರು.

"ಯಾರಿಗೂ ಕಾಣ್ತಿರ್ಲಿಲ್ಲ ಸರ್," ಎಂದರು ಇವರು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಚೀಲದ ಬಾಯಿ ಕಟ್ಟುತ್ತ ಕೂತೆ.

ತಿರುಗಿ ಸಾಗರದ ಬಸ್ಸು ಹತ್ತಿದೆವು. ಆನಂದಪುರ ದಾಟಿದ ಮೇಲೆ, "ನಿಂಗೆ ಮೊನ್ನೆ ಕಂಡಿತ್ತಲ್ಲ, ಹೊಸದು?" ಎಂದರು. ಹೌದೆಂದೆ. "ಮತ್ತೆ ಹೇಳ್ಲೇ ಇಲ್ಲ?" ಉತ್ತರ ಕೊಡುವ ಮೊದಲೇ ನನ್ನ ಕೈ ಹಿಡಿದುಕೊಂಡರು. ಬಸ್ಸಿನಲ್ಲಿ, ಜನರೆದುರು, ಅವರು ಹಾಗೆ ಮಾಡಿದವರಲ್ಲ.

ಮನೆಗೆ ಬಂದು, ಕಾಲು ತೊಳೆದು, ಹಾಲು ಕಾಯಿಸಿ ಆರಲು ಇಟ್ಟೆ. ಅವರು ಕಂಪ್ಯೂಟರ್ ಹಾಕಿ ನನ್ನನ್ನು ಕರೆದರು.

"ಓದು. ಜನ ಎಂಥ ಬರ್ದಿದಾರೆ ಹೇಳು."

ಕೂಡಿಸಿಕೊಂಡು ಓದುವಷ್ಟು ಇಂಗ್ಲಿಷು ನನಗೆ ಬರುತ್ತದೆ. ಈಗ ಕಣ್ಣಿಗೆ ತಂಪಾಯಿತು ಎಂದು ಒಬ್ಬರು, ನಮ್ಮ ಮಾತು ಕೇಳಿದ್ದಕ್ಕೆ ಉಪಕಾರ ಎಂದು ಇನ್ನೊಬ್ಬರು. ಗಾಜೇ ಚೆನ್ನಾಗಿತ್ತು, ಯಾಕೆ ತೆಗೆದಿರಿ ಎಂದು ಜಗಳಕ್ಕೆ ನಿಂತವರೂ ಇದ್ದರು. ಅದನ್ನು ಕೇಳಿ ಇವರ ತುಟಿಯಲ್ಲಿ ಚೂರು ನಗೆ ಮೂಡಿತು.

"ಈಗ ನಾನು ಹೇಳಿದ್ದನ್ನ ಒತ್ತು," ಎಂದು ಒಂದೊಂದೇ ಅಕ್ಷರ ಹೇಳತೊಡಗಿದರು. ನಾನು ಹುಡುಕಿ ಹುಡುಕಿ ಒತ್ತಿದೆ. ಬರೆಸಿದ್ದರ ಅರ್ಥ ಇಷ್ಟು: ಅಕ್ಷರ ಸ್ಪಷ್ಟವಾಗಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತನ್ನು ನಂಬಬಹುದು. ನನ್ನ ದೂರನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇನ್ನು ಮುಂದೆ ಪರೀಕ್ಷೆಗೆ ನನ್ನನ್ನು ಸೇರಿಸಿಕೊಳ್ಳಬೇಡಿ.

"ಇದೆಲ್ಲ ಯಾಕೆ?" ಎಂದೆ. "ಸುಮ್ನೆ ಬಿಟ್ರೆ ಆಗ್ತದಲ್ಲ."

"ಯಾರೋ ಪಾಪ, ನನ್ನ ದೂರು ಇಟ್ಕೊಂಡು ಇಲ್ಲದ ತಪ್ಪು ಹುಡುಕ್ತಾ ಕೂರ್ತಾರೆ," ಎಂದರು. "ಕಳಿಸೋ ಗುಂಡಿ ಎಲ್ಲಿದೆ?"

"ಬಲಗಡೆ, ಕೆಳಗೆ. ನೀಲಿ."

ಮೌಸು ಹಿಡಿದರು. ಬಾಣದ ಗುರುತು ಗುಂಡಿಯ ಮೇಲೆ ಹಾದು ಆಚೆ ಹೋಯಿತು, ಈಚೆ ಬಂತು. ಕೂದಲೆಳೆಯಷ್ಟು ಗೆರೆಯನ್ನೂ ಅಲುಗದೆ ಎಳೆದ ಕೈ ಅದು. ನಾನು ಸೆರಗು ಬಾಯಿಗೊತ್ತಿಕೊಂಡು ಹಿಂದೆ ನಿಂತೆ.

"ಇನ್ನೂ ಚೂರು ಕೆಳಗೆ," ಎಂದೆ. "ಹಾಂ, ಅಲ್ಲೇ."

ಒತ್ತಿದರು. ಹೋಯಿತಾ ಎಂದು ಕೇಳಿದರು. ಹೋಯಿತು ಎಂದೆ.

ಎಡಗಣ್ಣಿಗೆ ಔಷಧಿ ಬಿಟ್ಟೆ. ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಎದುರು ಕೂತರೆ ನನ್ನ ಮುಖ ಅವರಿಗೆ ಇನ್ನೂ ಕಾಣುತ್ತದೆ. ಮಂತ್ರಕ್ಕೆ ಪುಸ್ತಕ ಬೇಕಾದವರಲ್ಲ. ಅಷ್ಟನ್ನು ಭಗವಂತ ಉಳಿಸಿದ್ದಾನೆ. ಇದಕ್ಕಿಂತ ಹೆಚ್ಚು ಕೇಳಲು ಆ ಹೊತ್ತಿಗೆ ನನಗೆ ಬಾಯಿ ಬರಲಿಲ್ಲ.

ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಮುಟ್ಟಿ ನೋಡಿದೆ. ಉಗುರು ಬೆಚ್ಚಗಿತ್ತು. ಒಂದು ಚಮಚ ಮೊಸರು ಹಾಕಿ ಕದಡಿ ಹೆಪ್ಪಿಟ್ಟೆ.