ಹುಳು ಗೂಡು ಕಟ್ಟುವವರೆಗೆ

ಸಾಲಿನಲ್ಲಿ ನಿಂತ ಕೂಡಲೇ ನನಗೆ ಒಂದು ಬಗೆಯ ಮಂಪರು ಕವಿಯುತ್ತದೆ. ಸೀಮೆಎಣ್ಣೆಯ ಸಾಲಾಗಲಿ, ರೈಲು ಟಿಕೆಟ್ಟಿನ ಸಾಲಾಗಲಿ, ಮುಂದೆ ನಿಂತವರ ಬೆನ್ನನ್ನು ನೋಡುತ್ತ ಎರಡು ನಿಮಿಷ ಕಳೆದರೆ ಸಾಕು, ಕಣ್ಣು ತೆರೆದಿದ್ದಂತೆಯೇ ಮನಸ್ಸು ಎಲ್ಲಿಗೋ ಹೊರಟುಬಿಡುತ್ತದೆ. ಹಿಂದಿನವರು ಒಬ್ಬೊಬ್ಬರಾಗಿ ನನ್ನನ್ನು ಬಳಸಿಕೊಂಡು ಮುಂದೆ ಹೋಗಿರುತ್ತಾರೆ. ಸೀಮೆಎಣ್ಣೆಯ ಡಬ್ಬಿಯನ್ನು ಹೇಗೆ ಒಯ್ದಿದ್ದೆನೋ ಹಾಗೆಯೇ ಖಾಲಿಯಾಗಿ ಮನೆಗೆ ತಂದ ದಿನ, ಎಣ್ಣೆ ಮುಗಿಯಿತೆಂದು ನಾನು ಹೇಳಿದ್ದನ್ನು ನನ್ನ ಹೆಂಡತಿ ನಂಬಲಿಲ್ಲ. ಪಕ್ಕದ ಮನೆಯಾಕೆ ನನ್ನ ಹಿಂದೆಯೇ ನಿಂತಿದ್ದು ತುಂಬಿದ ಡಬ್ಬಿಯೊಡನೆ ನನಗಿಂತ ಮೊದಲೇ ಬಂದು ಎಲ್ಲವನ್ನೂ ವರದಿ ಮಾಡಿಯಾಗಿತ್ತು. ವರದಿಗಾರನ ಮನೆಯಲ್ಲಿ ಆ ಕೆಲಸವನ್ನು ಇನ್ನೊಬ್ಬರು ಮಾಡುವುದು ಎಷ್ಟು ಮುಜುಗರದ ಸಂಗತಿಯೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಈ ದೋಷ ನನಗೆ ಅಂಟಿದ್ದು ಬಹುಶಃ ಮತಗಟ್ಟೆಗಳ ಮುಂದೆ. ಐವತ್ತು, ಅರವತ್ತರ ದಶಕಗಳಲ್ಲಿ ನಾನು ಬೆಂಗಳೂರಿನ ಒಂದು ಪತ್ರಿಕೆಗೆ ಚಿಕ್ಕಬಳ್ಳಾಪುರದ ಬಾತ್ಮೀದಾರನಾಗಿದ್ದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೂ ನನ್ನ ಪಾಲಿಗೇ ಬಂದಿದ್ದವು. ಚುನಾವಣೆಯ ದಿನ ಈ ನಾಲ್ಕು ಊರುಗಳ ನಡುವೆ ಬಸ್ಸಿನಲ್ಲೋ ಬಾಡಿಗೆ ಸೈಕಲ್ಲಿನಲ್ಲೋ ಅಲೆದು, ಎಲ್ಲಿ ಸಾಲು ಉದ್ದವಾಗಿದೆ, ಎಲ್ಲಿ ಮೊಟಕಾಗಿದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ನಮ್ಮ ಸಂಪಾದಕರು ಕೊಟ್ಟಿದ್ದ ಅಪ್ಪಣೆ ಚಿಕ್ಕದು: ನೋಡು, ಬರೆ, ಕೈ ಹಾಕಬೇಡ. ಹಾಗಾಗಿ ಸಾಲಿನ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದೆ. ನಂದಿಬೆಟ್ಟದಿಂದ ಇಳಿದ ಬೆಳಗಿನ ಮಂಜು ಇನ್ನೂ ಕರಗಿರುತ್ತಿರಲಿಲ್ಲ. ಕಂಬಳಿ ಹೊದ್ದವರು, ಸೆರಗು ಹೊದ್ದವರು, ಬೆನ್ನ ಮೇಲೆ ತಾಯಿಯನ್ನು ಹೊತ್ತವರು ಆ ಮಂಜಿನೊಳಗಿಂದ ಒಬ್ಬೊಬ್ಬರಾಗಿ ಮೂಡಿ ಶಾಲೆಯ ಬಾಗಿಲಿನತ್ತ ಸದ್ದಿಲ್ಲದೆ ಸರಿಯುತ್ತಿದ್ದರು. ನೋಡುತ್ತ ನೋಡುತ್ತ ಇದು ನಿಜವಾಗಿ ನಡೆಯುತ್ತಿದೆಯೋ ನಾನು ಕಾಣುತ್ತಿರುವ ಕನಸೋ ಎಂದು ಅನುಮಾನವಾಗುತ್ತಿತ್ತು. ನಿನ್ನೆಯವರೆಗೆ ಮಹಾರಾಜರ ಪ್ರಜೆಗಳಾಗಿದ್ದವರು ಇವತ್ತು ಒಂದು ಚೀಟಿ ಹಿಡಿದು ಆಳುವವರನ್ನು ಆರಿಸಲು ಹೊರಟಿದ್ದಾರೆಂದರೆ ಅನುಮಾನ ಬರುವುದು ಸಹಜವೇ.

ಮೊದಲನೆಯ ಮಹಾಚುನಾವಣೆಯಲ್ಲಿ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ಚಿಂತಾಮಣಿಯಲ್ಲಿ ಹುಣಸೇಹಣ್ಣಿನ ವ್ಯಾಪಾರಿಯೊಬ್ಬರು ಪರದೆಯ ಹಿಂದೆ ಹೋದವರು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ಅಧಿಕಾರಿ ಹೋಗಿ ಇಣುಕಿದರೆ, ಅವರು ಚೀಟಿಯನ್ನು ನೀಟಾಗಿ ನಾಲ್ಕು ತುಂಡು ಮಾಡಿಕೊಂಡು ನಾಲ್ಕು ಪೆಟ್ಟಿಗೆಗೂ ಒಂದೊಂದು ಹಾಕುತ್ತಿದ್ದರು. ಮದುವೆಯಲ್ಲಿ ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಮುಯ್ಯಿ ಮಾಡಿ ಅಭ್ಯಾಸವಿದ್ದ ಮನುಷ್ಯ, ಇಲ್ಲಿ ಮಾತ್ರ ಮೂವರ ಮನಸ್ಸು ನೋಯಿಸುವುದು ಹೇಗೆ? ‘ಅಂದರೂ ಮನವಾಳ್ಳೇ ಕದಾ’ ಎಂದು ತೆಲುಗಿನಲ್ಲಿ ಅಧಿಕಾರಿಗೆ ಸಮಾಧಾನ ಹೇಳಿದರಂತೆ, ಎಲ್ಲರೂ ನಮ್ಮವರೇ ಅಲ್ಲವೇ ಎಂದು. ಅವರ ಮತ ಅಸಿಂಧುವಾಯಿತು. ಅಷ್ಟು ಒಳ್ಳೆಯ ಮನಸ್ಸಿನ ಮತ ಆ ತಾಲ್ಲೂಕಿನಲ್ಲಿ ಇನ್ನೊಂದು ಬಿದ್ದಿರಲಾರದು.

ನಾನೇನೂ ಅವರಿಗಿಂತ ಜಾಣನಾಗಿರಲಿಲ್ಲ. ಪಂಚಾಯಿತಿ ಚುನಾವಣೆಗಳು ಬಂದಾಗ ಗೌರಿಬಿದನೂರಿನ ಕಡೆಯ ಒಂದು ಹಳ್ಳಿಯಲ್ಲಿ ಎಲ್ಲ ಸದಸ್ಯರೂ ಅವಿರೋಧವಾಗಿ ಆಯ್ಕೆಯಾದರೆಂದು ಆ ಊರಿನ ಒಗ್ಗಟ್ಟನ್ನು ಕೊಂಡಾಡಿ ಅರ್ಧ ಕಾಲಂ ಬರೆದೆ. ವರ್ಷ ಕಳೆದ ಮೇಲೆ ಬಸ್ಸಿನಲ್ಲಿ ಆ ಊರಿನವನೊಬ್ಬ ಪಕ್ಕದಲ್ಲಿ ಕೂತು, ನಾಮಪತ್ರ ಕೊಡಲು ಹೊರಟ ತನ್ನ ಅಣ್ಣನನ್ನು ಅರಳಿಕಟ್ಟೆಯ ಮುಂದೆ ಕೂರಿಸಿ ಬುದ್ಧಿ ಹೇಳಿದ ಕಥೆಯನ್ನು ಪೆರೇಸಂದ್ರ ಬರುವವರೆಗೂ ನಿಧಾನವಾಗಿ ಹೇಳಿದ. ಬುದ್ಧಿ ಹೇಳಿದವರು ಹನ್ನೆರಡು ಜನ, ಕೇಳಿಸಿಕೊಂಡವನು ಒಬ್ಬ. ಅಣ್ಣ ಆಮೇಲೆ ಊರು ಬಿಟ್ಟು ಮಾವನ ಮನೆ ಸೇರಿದನಂತೆ. ನನ್ನ ಅರ್ಧ ಕಾಲಂ ಅವನ ಜೇಬಿನಲ್ಲಿತ್ತೋ ಏನೋ, ನಾನು ಯಾವ ಪತ್ರಿಕೆಯವನೆಂದು ಹೇಳದೆ ಚಿಕ್ಕಬಳ್ಳಾಪುರದಲ್ಲಿ ಇಳಿದುಕೊಂಡೆ.

ಆದರೆ ನಾನು ಹೇಳಹೊರಟದ್ದು ಮೂರನೆಯ ಮಹಾಚುನಾವಣೆಯ ದಿನದ ಮಾತು. ಬೆಳಗ್ಗೆ ಎಂಟಕ್ಕೇ ಚಿಕ್ಕಬಳ್ಳಾಪುರದಲ್ಲಿ ನನ್ನ ಮತ ಹಾಕಿ, ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಬಂದು, ಅಲ್ಲಿಂದ ಬಾಡಿಗೆ ಸೈಕಲ್ಲಿನಲ್ಲಿ ಜಂಗಮಕೋಟೆಯ ದಾರಿ ಹಿಡಿದು, ಅದರಾಚೆಯ ಒಂದು ಸಣ್ಣ ಹಳ್ಳಿಗೆ ಹೋದೆ. ಶಾಲೆಯ ಮುಂದೆ ಗಂಡಸರ ಸಾಲು ಮುಗಿದುಹೋಗಿತ್ತು. ಹೆಂಗಸರ ಸಾಲು ಇರಲೇ ಇಲ್ಲ. ಕಾರಣ ಕೇಳಿದಾಗ ಒಬ್ಬ ಮುದುಕ, ನಮ್ಮೂರ ಹೆಂಗಸರು ಓಟು ಹಾಕಲ್ಲ, ಹುಳುವಿಗೆ ಆಗಲ್ಲ ಎಂದ. ಇದಕ್ಕಿಂತ ಹೆಚ್ಚಿಗೆ ಹೇಳಬೇಕೆಂದು ಅವನಿಗೆ ಅನಿಸಲಿಲ್ಲ.

ಆ ಊರಿನಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳು. ಬೆಳೆದ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಮೈ ಜೇನಿನಂತೆ ತಿಳಿಯಾದಾಗ ಹಣ್ಣಾಯಿತು ಎನ್ನುತ್ತಾರೆ. ಹಣ್ಣು ಹುಳುಗಳನ್ನು ಕೈಯಿಂದ ಒಂದೊಂದಾಗಿ ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಸುರುಳಿಗಳ ಮೇಲೆ ಬಿಡಬೇಕು. ಅದು ಹೆಂಗಸರ ಕೆಲಸ. ಹೊಗೆಸೊಪ್ಪು ಮುಟ್ಟಿದ ಕೈಯಿಂದ ಮುಟ್ಟಿದರೂ ಹುಳು ಸಾಯುತ್ತದೆ. ಹಾಗಿರುವಾಗ ಹುಳು ಆಯುವ ಕೈಗೆ, ತೊಳೆದರೂ ಹೋಗದ ಮತಗಟ್ಟೆಯ ಮಸಿ ಹಚ್ಚಿಸಿಕೊಂಡು ಬಂದರೆ ಮನೆಯ ಹುಳುವೆಲ್ಲ ಸತ್ತು ಮಲಗಿಬಿಡುತ್ತದೆಂದು ಊರಿನಲ್ಲಿ ಮಾತು ಹಬ್ಬಿತ್ತು. ಯಾರು ಹಬ್ಬಿಸಿದರೋ ಗೊತ್ತಿಲ್ಲ. ಆದರೆ ಹಿಂದಿನ ಚುನಾವಣೆಯಲ್ಲಿ ಹೆಂಗಸರೆಲ್ಲ ಹೀಗೆ ಮನೆಯಲ್ಲಿ ಉಳಿದಾಗ, ಅವರ ಮತಗಳು ಸುಮ್ಮನೆ ಹಾಳಾಗಬಾರದೆಂದು ಊರ ಯಜಮಾನರು ಬೇರೆ ಕಡೆಯಿಂದ ಕೆಲವು ಹೆಂಗಸರನ್ನು ಕರೆಸಿ ಹಾಕಿಸಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಯಾರೂ ಅದನ್ನು ಕಳವು ಎಂದುಕೊಂಡಿರಲಿಲ್ಲ.

ಒಬ್ಬಳು ಅಂದುಕೊಂಡಿದ್ದಳು. ಅವಳ ಹೆಸರು ಮುನಿಯಮ್ಮ. ಐವತ್ತರ ಆಸುಪಾಸಿನ, ಗಂಡನಿಲ್ಲದ ಹೆಂಗಸು, ಊರಿನಲ್ಲಿ ಹುಳು ಸಾಕುವುದರಲ್ಲಿ ಎತ್ತಿದ ಕೈ. ತನ್ನ ಹೆಸರು ಹೇಳಿಕೊಂಡು ಇನ್ನೊಬ್ಬಳು ಒಳಗೆ ಹೋಗಿ ಬಂದಳೆಂಬುದು ಅವಳಿಗೆ ಐದು ವರ್ಷ ಮುಳ್ಳಿನಂತೆ ಚುಚ್ಚಿತ್ತು. ಈ ಸಲ ತಾನೇ ಹೋಗಬೇಕು. ಆದರೆ ಅವತ್ತೇ ಅವಳ ಮನೆಯ ಹುಳು ಹಣ್ಣಾಗತೊಡಗಿತ್ತು. ಒಂದು ತಿಂಗಳ ದುಡಿಮೆ, ಮನೆಯ ಆರು ಜನರ ಮುಂದಿನ ದಿನಗಳು, ಎಲ್ಲ ಆ ತಟ್ಟೆಗಳಲ್ಲಿದ್ದವು. ನನ್ನ ಎಡಗೈ ಬೆರಳಿನ ಮಸಿಯನ್ನು ಕಂಡದ್ದೇ ಅವಳು ನನ್ನನ್ನು ಜಗಲಿಗೆ ಕರೆಸಿ, ಈ ಮಸಿ ಹುಳುವಿಗೆ ವಿಷವೋ ಅಲ್ಲವೋ ಎಂದು ನೇರವಾಗಿ ಕೇಳಿದಳು. ಪತ್ರಿಕೆಯವನಿಗೆ ಎಲ್ಲ ತಿಳಿದಿರುತ್ತದೆಂಬ ನಂಬಿಕೆ ಆ ಕಾಲದಲ್ಲಿ ಇತ್ತು. ನನಗೆ ಗೊತ್ತಿಲ್ಲ ಎಂದೆ. ಆ ಉತ್ತರ ಅವಳಿಗೆ ಹಿಡಿಸಿತೆಂದು ಕಾಣುತ್ತದೆ, ಹಾಗಾದರೆ ನೋಡೇಬಿಡೋಣ ಎಂದಳು.

ಹಳೆಯದೊಂದು ಚಂದ್ರಿಕೆಯನ್ನು ಹುಳುಮನೆಯಿಂದ ದೂರ, ಅಂಗಳದ ನೆರಳಿಗೆ ಒರಗಿಸಿದರು. ಎರಡು ಹಣ್ಣು ಹುಳು ತಂದರು. ಒಂದನ್ನು ಮುನಿಯಮ್ಮ ಮೇಲಿನ ಸುರುಳಿಯಲ್ಲಿ ಬಿಟ್ಟಳು. ಇನ್ನೊಂದನ್ನು ನಾನು ಮಸಿಯ ಬೆರಳಿನಿಂದಲೇ ಹಿಡಿದು ಕೆಳಗಿನ ಸುರುಳಿಯಲ್ಲಿ ಬಿಡಬೇಕಂತೆ. ಊರಿನ ಗಂಡಸರ ಬೆರಳಿಗೂ ಮಸಿಯಿತ್ತಲ್ಲ, ನಾನೇ ಯಾಕೆ ಎಂದು ಕೇಳಿದ್ದಕ್ಕೆ ಅವಳ ಓರಗಿತ್ತಿ ಚೌಡಮ್ಮ, ‘ಹುಳ ಸತ್ರೆ ಬೈಯೋಕೆ ಹೊರಗಿನೋನೇ ಬೇಕು ಕಣಪ್ಪ’ ಎಂದಳು. ಸಂಪಾದಕರ ಅಪ್ಪಣೆ ನೆನಪಾಯಿತು. ಹತ್ತು ವರ್ಷ ಕೈ ಕಟ್ಟಿ ನಿಂತವನು ಆ ತಣ್ಣನೆಯ, ಮೆತ್ತನೆಯ ಜೀವವನ್ನು ಎರಡು ಬೆರಳುಗಳ ನಡುವೆ ಹಿಡಿದೆ. ಆಗ ಹನ್ನೊಂದೂವರೆ. ಮತದಾನ ಮುಗಿಯುವುದು ಐದಕ್ಕೆ.

ಮುನಿಯಮ್ಮನ ಹುಳು ಒಂದು ಗಂಟೆಯೊಳಗೆ ತಲೆಯೆತ್ತಿ ಅತ್ತಿತ್ತ ತೂಗಿ ಎಳೆ ಬಿಡತೊಡಗಿತು. ನನ್ನದು ಸುರುಳಿಯ ಈ ತುದಿಯಿಂದ ಆ ತುದಿಗೆ ಹೋಗಿ, ನಿಂತು, ತಲೆಯೆತ್ತಿ, ಏನನ್ನೋ ಮರೆತವರಂತೆ ಮತ್ತೆ ಹಿಂದಕ್ಕೆ ಬರುತ್ತಿತ್ತು. ಪೇಪರ್‌ನೋನು ಮುಟ್ಟಿದ ಹುಳ, ಸುತ್ತಿ ಸುತ್ತಿ ಸುದ್ದಿ ಹುಡುಕ್ತದೆ ಎಂದು ಚೌಡಮ್ಮ ಹಾಸ್ಯ ಮಾಡಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ, ತಮ್ಮ ಹುಳುಮನೆಗೆ ಹೋಗಿ ಸ್ವಲ್ಪ ಆಯ್ದು, ಮತ್ತೆ ಬಂದರು. ಎರಡು ಗಂಟೆಯಾಯಿತು. ಹಿಪ್ಪುನೇರಳೆ ತೋಟದ ಕಡೆಯಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು. ಹುಳುಮನೆಯೊಳಗಿಂದ, ಇನ್ನೂ ಹಣ್ಣಾಗದ ಸಾವಿರಾರು ಹುಳುಗಳು ಎಲೆ ಮೇಯುವ ಸದ್ದು ದೂರದ ಸೋನೆ ಮಳೆಯಂತೆ ಕೇಳುತ್ತಿತ್ತು. ದೇಶದ ಉದ್ದಗಲಕ್ಕೂ ಈ ಹೊತ್ತಿನಲ್ಲಿ ಕೋಟಿ ಕೋಟಿ ಚೀಟಿಗಳು ಪೆಟ್ಟಿಗೆಗೆ ಬೀಳುತ್ತಿರುವಾಗ, ಇಲ್ಲೊಂದು ಊರಿನ ಅರ್ಧ ಜನ ಒಂದು ಹುಳುವಿನ ತೀರ್ಮಾನಕ್ಕಾಗಿ ಕಾಯುತ್ತಿದ್ದಾರೆ ಎಂಬುದು ನನಗೆ ಆಗ ತಮಾಷೆಯಾಗಿ ಕಾಣಲೇ ಇಲ್ಲ. ಕಣ್ಣು ಮುಚ್ಚಿದರೆ ಆ ಹುಳು ಸತ್ತುಹೋಗುತ್ತದೇನೋ ಎಂಬಂತೆ ಎವೆಯಿಕ್ಕದೆ ನೋಡುತ್ತಿದ್ದೆ.

ಮೂರೂವರೆ ದಾಟಿದ ಮೇಲೆ ಅದು ಒಂದು ಮೂಲೆಯಲ್ಲಿ ನಿಂತಿತು. ತಲೆಯನ್ನು ಎಡಕ್ಕೆ ತೂಗಿತು, ಬಲಕ್ಕೆ ತೂಗಿತು. ಬಿಸಿಲಿನ ಒಂದು ಕೋಲು ಅಲ್ಲಿಗೆ ಬಿದ್ದಿದ್ದರಿಂದ ಆ ಎಳೆ ಕಂಡಿತು, ಇಲ್ಲದಿದ್ದರೆ ಕಾಣುವಂಥದಲ್ಲ. ಮುನಿಯಮ್ಮ ಬಗ್ಗಿ ಇನ್ನೊಂದು ಹತ್ತು ನಿಮಿಷ ನೋಡಿ, ಎಳೆಗಳು ಹೆಚ್ಚಿದ್ದನ್ನು ಖಚಿತ ಮಾಡಿಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು. ಏಳು ಹೆಂಗಸರು ಅವಳ ಹಿಂದೆ ನಡೆದರು. ನಾನು ಸೈಕಲ್ಲು ತಳ್ಳಿಕೊಂಡು ಕೊನೆಯಲ್ಲಿ ಹೋದೆ.

ಮತಗಟ್ಟೆಯ ಅಧಿಕಾರಿ ಚಿಂತಾಮಣಿಯ ಕಡೆಯ ಒಬ್ಬ ಮೇಷ್ಟರು. ಮುನಿಯಮ್ಮ ತನ್ನ ಹೆಸರನ್ನೂ ಗಂಡನ ಹೆಸರನ್ನೂ, ಎರಡನೆಯದನ್ನು ಹೇಳಬಾರದೆಂಬ ರೂಢಿಯನ್ನು ಬದಿಗಿಟ್ಟು, ಗಟ್ಟಿಯಾಗಿ ಹೇಳಿದಳು. ಮೇಷ್ಟರು ಪಟ್ಟಿಯ ಮೇಲೆ ಬೆರಳು ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು. ಅವಳ ಹೆಸರಿನ ಕೆಳಗೆ ಆಗಲೇ ಗೆರೆ ಬಿದ್ದಿತ್ತು. ಮಧ್ಯಾಹ್ನವೇ ಯಾರೋ ಬಂದು ಹಾಕಿ ಹೋಗಿದ್ದರು. ಯಜಮಾನರ ಕಡೆಯ ಏಜೆಂಟು ಕಿಟಕಿಯಾಚೆ ನೋಡುತ್ತಿದ್ದ. ಹಿಂದೆ ಬಂದ ಏಳು ಜನರ ಹೆಸರು ನೋಡಿದರೆ ಆರಕ್ಕೆ ಗೆರೆಯಿಲ್ಲ. ಚೌಡಮ್ಮನ ಹೆಸರಿಗೆ ಮಾತ್ರ ಇತ್ತು. ಓರಗಿತ್ತಿಯರಿಬ್ಬರೂ ಪಕ್ಕಕ್ಕೆ ಸರಿದು ನಿಂತರು, ಮಿಕ್ಕವರು ತಮ್ಮ ಜೀವನದ ಮೊದಲ ಮತ ಹಾಕಿ ಬಂದರು.

ಮೇಷ್ಟರು ನಿಯಮದ ಪುಸ್ತಕ ತಿರುವಿದರು. ಹೀಗೆ ಇನ್ನೊಬ್ಬರು ಹಾಕಿಬಿಟ್ಟಾಗ ನಿಜವಾದವರಿಗೆ ಬೇರೆ ಚೀಟಿ ಕೊಡಬಹುದು, ಆದರೆ ಅದನ್ನು ಪೆಟ್ಟಿಗೆಗೆ ಹಾಕುವಂತಿಲ್ಲ, ಕವರಿನಲ್ಲಿ ಇಡಬೇಕು. ಓರಗಿತ್ತಿಯರು ಮರೆಯಲ್ಲಿ ಮುದ್ರೆ ಒತ್ತಿ ಮಡಚಿ ಕೊಟ್ಟರು. ಮಸಿಯನ್ನೂ ಕೇಳಿ ಹಚ್ಚಿಸಿಕೊಂಡರು.

ಹೊರಗೆ ಬಂದು ಸ್ವಲ್ಪ ದೂರ ನಡೆದ ಮೇಲೆ ಮುನಿಯಮ್ಮ ಕೇಳಿದಳು:

‘ಆ ಕವರ್‌ನಲ್ಲಿರೋದನ್ನ ಎಣಿಸ್ತಾರೇನಪ್ಪ?’

ಹೌದೆನ್ನುವುದು ಸುಲಭವಿತ್ತು. ಅವತ್ತು ಒಂದು ಸಲ ಕೈ ಹಾಕಿಯಾಗಿತ್ತು, ಇನ್ನೊಂದು ಸಲ ಹಾಕಿದರೆ ಏನಂತೆ ಎಂದೂ ಅನಿಸಿತು. ಆದರೂ ಅವಳು ನಾನು ಗೊತ್ತಿಲ್ಲವೆಂದದ್ದನ್ನು ನಂಬಿ ಅರ್ಧ ದಿನ ಕಾದವಳು.

‘ಇಲ್ಲಮ್ಮ. ಕೋರ್ಟಿಗೆ ಹೋದ್ರೆ ಮಾತ್ರ ಬಿಚ್ಚಿ ನೋಡ್ತಾರೆ.’

ಅವಳು ಮನೆಯ ತಿರುವು ಬಂದಾಗ ನಿಂತಳು.

‘ತಪ್ಪು ನಂದೇ. ಹುಳ ಒಪ್ಪಲಿ ಅಂತ ಕಾದೆ. ಇನ್ನೊಂದ್ಸಲ ಯಾರನ್ನೂ ಕಾಯಲ್ಲ.’

ಅವತ್ತು ಸಂಜೆ ಮಿಕ್ಕ ಕಡೆಯ ಸುದ್ದಿಯನ್ನು ಬಸ್ಸಿನವರಿಂದ ಕೇಳಿ ತಿಳಿದುಕೊಂಡು, ಶಿಡ್ಲಘಟ್ಟದ ತಂತಿ ಕಚೇರಿಯಿಂದ ನಾಲ್ಕು ತಾಲ್ಲೂಕಿನ ವರದಿ ಕಳಿಸಿದೆ. ಕವರಿನಲ್ಲಿ ಹೋದ ಎರಡು ಮತಗಳ ಬಗ್ಗೆ ಎರಡು ಸಾಲು ಸೇರಿಸಿದ್ದೆ. ಜಾಗ ಸಾಲಲಿಲ್ಲವೋ ಏನೋ, ಅಚ್ಚಾಗಲಿಲ್ಲ. ಮತದಾನ ಶಾಂತಿಯುತವಾಗಿತ್ತೆಂಬುದು ಮಾತ್ರ ಬಂತು. ಅದೂ ಸುಳ್ಳಲ್ಲ, ಕಿಟಕಿಯಾಚೆ ನೋಡುತ್ತಿದ್ದ ಏಜೆಂಟಿನಷ್ಟು ಶಾಂತವಾದ ಮನುಷ್ಯನನ್ನು ನಾನು ಕಂಡಿಲ್ಲ.

ಐದು ವರ್ಷ ಕಳೆದು ನಾಲ್ಕನೆಯ ಮಹಾಚುನಾವಣೆ ಬಂದಾಗ ಪತ್ರಿಕೆಯ ಕೆಲಸವೇನೂ ಅಲ್ಲಿ ಇಲ್ಲದಿದ್ದರೂ ಆ ಊರಿಗೆ ಹೋದೆ. ಹಿಂದಿನ ದಿನವೇ ಬಂದು ಜಂಗಮಕೋಟೆಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಎಂಟಕ್ಕೆ ಕಾಲು ಗಂಟೆ ಇರುವಾಗಲೇ ಶಾಲೆಯ ಮುಂದೆ ನಿಂತೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಮಂಜಿನಲ್ಲಿ ಹೆಂಗಸರ ಸಾಲು ಹಿಪ್ಪುನೇರಳೆ ತೋಟದ ಬೇಲಿಯವರೆಗೂ ಇತ್ತು. ಮೊದಲನೆಯವಳು ಮುನಿಯಮ್ಮ, ಬಾಗಿಲ ಚಿಲಕದ ಹತ್ತಿರವೇ ನಿಂತಿದ್ದಳು. ಬಾಗಿಲು ತೆರೆಯಿತು, ಒಳಗೆ ಹೋದಳು. ಎಷ್ಟು ಹೊತ್ತಾಯಿತೋ ನಾನು ಗಡಿಯಾರ ನೋಡಲಿಲ್ಲ, ಸಾಲಿನ ಪಕ್ಕದಲ್ಲಿ ಪೂರ್ತಿ ಎಚ್ಚರವಾಗಿ ನಿಂತಿದ್ದೆ. ಹೊರಗೆ ಬಂದಳು. ನನ್ನನ್ನು ನೋಡಿ ಗುರುತು ಹಿಡಿದು, ಎಡಗೈ ಬೆರಳನ್ನು ಒಮ್ಮೆ ಎತ್ತಿ ತೋರಿಸಿದಳು. ಮಾತಿಗೆ ನಿಲ್ಲಲಿಲ್ಲ, ಮನೆಯಲ್ಲಿ ಹುಳು ಹಣ್ಣಾಗಿತ್ತಂತೆ, ಬೇಗ ಬೇಗ ಹೆಜ್ಜೆ ಹಾಕಿದಳು.